ಖಾಲಿ ಎಸ್‌ಎಸ್‌ಡಿಯನ್ನೂ ವಿಸ್ಯಾನ್ ಅನರ್ಹ ಎನ್ನುವುದೇಕೆ?

ಪ್ರಶ್ನೆ: ಹಳೆಯ ಸರ್ವರ್‌ನಿಂದ ತೆಗೆದ ಎಸ್‌ಎಸ್‌ಡಿಯನ್ನು ಇಎಸ್‌ಎಕ್ಸ್‌ಐ ಹೋಸ್ಟ್‌ಗೆ (ವರ್ಚುವಲ್ ಯಂತ್ರಗಳನ್ನು ನಡೆಸುವ ವಿಎಂವೇರ್ ಸರ್ವರ್‌ಗೆ) ಜೋಡಿಸಿದ್ದೇವೆ. ಅದರಲ್ಲಿ ಒಂದು ಫೈಲೂ ಇಲ್ಲ. ಆದರೂ ಹಲವು ಹೋಸ್ಟ್‌ಗಳ ಡಿಸ್ಕ್‌ಗಳನ್ನು ಒಂದೇ ಸಂಗ್ರಹವಾಗಿ ಒಟ್ಟುಗೂಡಿಸುವ ವಿಸ್ಯಾನ್ (vSAN) ಅದನ್ನು ಸೇರಿಸಿಕೊಳ್ಳುತ್ತಿಲ್ಲ. ಏನು ಮಾಡಬೇಕು?

ಉತ್ತರ: ಫೈಲ್ ಇಲ್ಲದಿರುವುದು ಬೇರೆ, ಪಾರ್ಟಿಷನ್ (ಡಿಸ್ಕಿನಲ್ಲಿ ವಿಂಗಡಿಸಿಟ್ಟ ಭಾಗ) ಇಲ್ಲದಿರುವುದು ಬೇರೆ. ವಿಎಂವೇರ್‌ನ ವಿಸ್ಯಾನ್‌ಗೆ ಇಡೀ ಡಿಸ್ಕ್ ಬೇಕು. ಹಳೆಯ ವಿಂಡೋಸ್, ಲಿನಕ್ಸ್ ಅಥವಾ ವಿಎಂಎಫ್‌ಎಸ್ (ವಿಎಂವೇರ್‌ನದೇ ಫೈಲ್ ವ್ಯವಸ್ಥೆ) ಪಾರ್ಟಿಷನ್ ಒಂದು ಉಳಿದಿದ್ದರೂ ಅದು ಆ ಡಿಸ್ಕನ್ನು ಮುಟ್ಟುವುದಿಲ್ಲ. ಬೇಕಾದ ಡೇಟಾ ಅರಿಯದೆ ಅಳಿಸಿಹೋಗದಂತೆ ಕಾಯುವ ಈ ತಡೆ ಇರಲೇಬೇಕಾದದ್ದು.

ಹೋಸ್ಟ್‌ಗೆ ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ಸುರಕ್ಷಿತ ದಾರಿ) ಮೂಲಕ ಲಾಗಿನ್ ಆಗಿ ‘ವಿಡಿಕ್ಯೂ -ಕ್ಯೂ’ (vdq -q) ಕಮಾಂಡ್ ಕೊಟ್ಟರೆ, ಪ್ರತಿಯೊಂದು ಡಿಸ್ಕಿನ ಹೆಸರಿನ ಜೊತೆಗೆ ಅದರ ಸ್ಥಿತಿ, ಅನರ್ಹತೆಯ ಕಾರಣ ಮತ್ತು ಅದು ಎಸ್‌ಎಸ್‌ಡಿ ಹೌದೋ ಅಲ್ಲವೋ ಎಂಬುದನ್ನು ಸೂಚಿಸುವ 1 ಅಥವಾ 0 ಕಾಣಿಸುತ್ತದೆ. ಕಾರಣದ ಜಾಗದಲ್ಲಿ ‘ಹ್ಯಾಸ್ ಪಾರ್ಟಿಷನ್ಸ್’ (ಪಾರ್ಟಿಷನ್‌ಗಳಿವೆ) ಎಂದಿದ್ದರೆ, ಹೋಸ್ಟ್‌ಗಳನ್ನು ನಿರ್ವಹಿಸುವ ವಿಸ್ಫಿಯರ್ ಕ್ಲೈಂಟ್‌ನ ಸ್ಟೋರೇಜ್ ಡಿವೈಸಸ್ ಪುಟದಲ್ಲಿ ಆ ಡಿಸ್ಕನ್ನು ಆರಿಸಿ ಪಾರ್ಟಿಷನ್ ಅಳಿಸಬಹುದು. ಆದರೆ ಅಳಿಸುವ ಮೊದಲು ಡಿಸ್ಕಿನ ಗುರುತಿನ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೂ ಹೋಲಿಸಿ ನೋಡಿ, ಏಕೆಂದರೆ ಹೋಸ್ಟ್ ಬೂಟ್ ಆಗುವ ಡಿಸ್ಕಿನಲ್ಲಿಯೂ ಪಾರ್ಟಿಷನ್‌ಗಳೇ ಇರುತ್ತವೆ. ಎಸ್‌ಎಸ್‌ಡಿ ಎಂಬಲ್ಲಿ 0 ಕಂಡರೆ, ರೇಡ್ ಕಂಟ್ರೋಲರ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ತೋರಿಸಬಲ್ಲ ಕಾರ್ಡ್) ಅದರ ನಿಜರೂಪವನ್ನು ಮರೆಮಾಡಿರುವ ಸಾಧ್ಯತೆ ಹೆಚ್ಚು. ಕಂಟ್ರೋಲರ್ ಅನ್ನು ಪಾಸ್‌ಥ್ರೂ ಸ್ಥಿತಿಗೆ (ಡಿಸ್ಕನ್ನು ಇದ್ದಂತೆಯೇ ಹೋಸ್ಟ್‌ಗೆ ತೋರಿಸುವ ಸ್ಥಿತಿಗೆ) ತರಬೇಕು, ಅದು ಆಗದಿದ್ದರೆ ಡಿಸ್ಕನ್ನು ಫ್ಲ್ಯಾಶ್ ಎಂದು ಕೈಯಾರೆ ಗುರುತಿಸಬೇಕು. 2022ರ ವಿಸ್ಯಾನ್ 8ರೊಂದಿಗೆ ಬಂದ ಇಎಸ್‌ಎ ವಿನ್ಯಾಸವನ್ನು ಬಳಸುತ್ತಿದ್ದರೆ ಮಾತ್ರ ಇದಾವುದೂ ನೆರವಾಗದು. ಅದಕ್ಕೆ ಎನ್‌ವಿಎಂಇ (ಪಿಸಿಐಇ ಮೂಲಕ ಜೋಡಣೆಯಾಗುವ ವೇಗದ ಎಸ್‌ಎಸ್‌ಡಿ) ಡಿಸ್ಕೇ ಬೇಕು.

ಇಷ್ಟಾದ ಮೇಲೆ ಪರದೆಯ ಮೇಲೆ ಡಿಸ್ಕ್ ಅರ್ಹವೆಂದು ಕಂಡರೂ, ಅದು ನಿಮ್ಮ ಕೆಲಸದ ಹೊರೆಯನ್ನು ತಾಳುತ್ತದೆ ಎಂಬ ಭರವಸೆ ಅದರಿಂದ ಸಿಗುವುದಿಲ್ಲ, ಮತ್ತು ನನ್ನ ಮಟ್ಟಿಗೆ ನಿಜವಾದ ಪ್ರಶ್ನೆ ಇದೇ. ಹಳೆಯ ಓಎಸ್‌ಎ ವಿನ್ಯಾಸದಲ್ಲಿ ಒಂದು ಡಿಸ್ಕ್ ಗ್ರೂಪ್ ಎಂದರೆ ಒಂದು ಕ್ಯಾಶ್ ಡಿಸ್ಕ್ (ತಾತ್ಕಾಲಿಕ ಸಂಗ್ರಹ) ಮತ್ತು ಡೇಟಾ ಕೊನೆಗೆ ನೆಲೆಸುವ 1ರಿಂದ 7 ಕೆಪಾಸಿಟಿ ಡಿಸ್ಕ್‌ಗಳು. ಬರೆಯುವ ಡೇಟಾವೆಲ್ಲ ಮೊದಲು ಬೀಳುವುದು ಕ್ಯಾಶ್ ಡಿಸ್ಕಿನ ಮೇಲೆ, ಅದು ಕೆಟ್ಟರೆ ಇಡೀ ಗ್ರೂಪೇ ಕೈಬಿಡುತ್ತದೆ. ಆದ್ದರಿಂದಲೇ ವಿಎಂವೇರ್ ಡಿಸ್ಕ್‌ಗಳನ್ನು ಬಾಳಿಕೆಯ ಆಧಾರದಲ್ಲಿ ವರ್ಗೀಕರಿಸಿದೆ: ಎ ವರ್ಗಕ್ಕೆ ಕನಿಷ್ಠ 365 ಟೆರಾಬೈಟ್ ಬರೆಯುವ ತಾಳಿಕೆ ಸಾಕು, ಡಿ ವರ್ಗಕ್ಕೆ 7300 ಬೇಕು, ಅಂದರೆ ಐದು ವರ್ಷಗಳ ಕಾಲ ದಿನಕ್ಕೆ 4 ಟೆರಾಬೈಟ್. ವಿದ್ಯುತ್ ಹಠಾತ್ತನೆ ಹೋದಾಗ ಬರಹವನ್ನು ಮುಗಿಸಲು ಬೇಕಾದ ಕೆಪಾಸಿಟರ್‌ಗಳು ಮನೆಬಳಕೆಯ ಎಸ್‌ಎಸ್‌ಡಿಗಳಲ್ಲಿ ಸಾಮಾನ್ಯವಾಗಿ ಇರುವುದೂ ಇಲ್ಲ.

ಕಲಿಕೆಗಾಗಿ ಕಟ್ಟಿದ ಲ್ಯಾಬ್ ಆದರೆ ಸೇರಿಸಿ ನೋಡಿ. ಜನರ ಕೆಲಸ ನಡೆಯುವ ಕ್ಲಸ್ಟರ್ (ಒಟ್ಟಾಗಿ ದುಡಿಯುವ ಹೋಸ್ಟ್‌ಗಳ ಗುಂಪು) ಆದರೆ, ಡಿಸ್ಕಿನ ಮಾದರಿ ಮತ್ತು ಫರ್ಮ್‌ವೇರ್ ಆವೃತ್ತಿ ಎರಡೂ ವಿಸ್ಯಾನ್‌ನ ಹೊಂದಾಣಿಕೆ ಪಟ್ಟಿಯಲ್ಲಿ ಇವೆಯೆಂದು ಖಚಿತವಾಗುವವರೆಗೆ ಅದನ್ನು ಹೊರಗೇ ಇಡಿ.