ವೈಂಡಿಂಗ್ ಇಲ್ಲದ ಮೋಟಾರಿಗೂ ಸುಡುವ ರೋಗ

ಗದಗ ಕಡೆ ಬೋರಿನ ಮೋಟಾರು ಸುಟ್ಟರೆ ಯಾರೂ ಹೆಚ್ಚು ವಿಚಾರಿಸುವುದಿಲ್ಲ. ಎತ್ತಿಸಿ ಸೀದಾ ವೈಂಡಿಂಗ್ ಅಂಗಡಿಗೆ ಒಯ್ಯುತ್ತಾರೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಅಂಥ ಅಂಗಡಿ ಇಟ್ಟಿರುವ ಗೆಳೆಯನಿಗೆ ಎಣ್ಣೆಬಾವಿಯ ಆಳದಲ್ಲಿ ತಿರುಗುವ ಮೋಟಾರಿನ ಚಿತ್ರ ತೋರಿಸಿದೆ. "ಇದರಾಗ ತಾಮ್ರದ ತಂತಿ ಎಲ್ಲೈತೋ ಮಾರಾಯಾ?" ಅಂದ.

ತಂತಿಯೂ ಇಲ್ಲ, ಕರೆಂಟೂ ಇಲ್ಲ. ಉಕ್ಕಿನ ಕೊಳವೆ, ಅದರ ಒಳಮೈಗೆ ಅಂಟಿಸಿದ ರಬ್ಬರಿನ ಸ್ಟೇಟರ್ (ಅಲುಗದ ಭಾಗ), ನಡುವೆ ತಿರುಚಿದ ಉಕ್ಕಿನ ರೋಟರ್ (ತಿರುಗುವ ಭಾಗ). ಮೇಲಿನಿಂದ ಒತ್ತಡದಲ್ಲಿ ಬಿಟ್ಟ ದ್ರವ ಇವೆರಡರ ಸಂದಿಯಲ್ಲಿ ನುಗ್ಗಿ ರೋಟರನ್ನು ತಿರುಗಿಸುತ್ತದೆ, ಜೊತೆಗೆ ಅದರ ತುದಿಗೆ ಕಟ್ಟಿದ ಕೊರೆಯುವ ಇಲ್ಲವೇ ಅರೆಯುವ ಉಪಕರಣವೂ ತಿರುಗುತ್ತದೆ.

ಮೂಲತಃ ಇದು ಪಂಪು. ಫ್ರಾನ್ಸಿನ ರೆನೆ ಮ್ವಾನೊ 1930ರ ಹೊತ್ತಿಗೆ ರೂಪಿಸಿದ್ದು. ಸಕ್ಕರೆ ಕಾರ್ಖಾನೆಗಳಲ್ಲಿ ಕಾಕಂಬಿ ಎಳೆಯುವ ಸ್ಕ್ರೂ ಪಂಪು ಇದರದೇ ಕುಲ. ರೋಟರ್ ತಿರುಗಿಸಿ ದ್ರವ ತಳ್ಳುವ ಬದಲು ದ್ರವ ತಳ್ಳಿ ರೋಟರ್ ತಿರುಗಿಸಿದರೆ ಮೋಟಾರಾಯಿತು. 1960ರ ದಶಕದಲ್ಲಿ ಅಮೆರಿಕದವರು ಇದನ್ನು ಬಾವಿಗೆ ಇಳಿಸಿದರು. ಸೋವಿಯತ್ ಎಂಜಿನಿಯರುಗಳು ರೋಟರಿನ ಸುರುಳಿ ಉಬ್ಬುಗಳನ್ನು, ಅಂದರೆ ಹಲ್ಲುಗಳನ್ನು, ಹೆಚ್ಚಿಸಿ ವೇಗ ತಗ್ಗಿಸಿದರು, ತಿರುಚುಬಲ ಏರಿಸಿದರು. ಅದಕ್ಕೂ ಮುಂಚೆ, 1920ರ ದಶಕದಿಂದಲೇ, ಅವರ ಕೈಲಿ ಟರ್ಬೊಡ್ರಿಲ್ ಇತ್ತು, ದ್ರವದ ರಭಸಕ್ಕೆ ಅಲಗು ತಿರುಗಿ ಕೊರೆಯುವ ಯಂತ್ರ. ಅದರ ಅಲಗುಗಳು ಲೋಹದವು, ಕಾವಿಗೆ ಜಗ್ಗುವಂಥವಲ್ಲ. ಆದರೆ ಓಟ ಜಾಸ್ತಿ, ಬಲ ಕಡಿಮೆ. ಬಾವಿಯೊಳಗೆ ಕೂತ ಪ್ಲಗ್ಗನ್ನು (ಬಾವಿ ಮುಚ್ಚುವ ಬಿರಡೆಯನ್ನು) ಅರೆದು ಪುಡಿಮಾಡುವ ಮಿಲ್ಲಿಂಗಿಗೆ ಬೇಕಾದದ್ದು ಬಲವೇ. ಹಾಗಾಗಿ ರಬ್ಬರಿನ ಸಹವಾಸ ತಪ್ಪಲಿಲ್ಲ.

ಭೂಮಿಯೊಳಗೆ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ಐದು ಕಿಲೋಮೀಟರಿನಲ್ಲಿ 150 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಉಕ್ಕು ಒಂದು ಪಾಲು ಹಿಗ್ಗಿದರೆ ರಬ್ಬರು ಹತ್ತು ಪಾಲಿಗೂ ಮಿಕ್ಕಿ ಹಿಗ್ಗುತ್ತದೆ. ಹೊರಗೆ ಉಕ್ಕಿನ ಕೊಳವೆ ಇದ್ದಮೇಲೆ ಅದಕ್ಕೆ ಉಬ್ಬಲು ಒಳಗಡೆಯೇ ಜಾಗ: ರೋಟರಿನ ಮೇಲೆ. ಬಿಗಿ ಹೆಚ್ಚಿದಷ್ಟೂ ಪ್ರತಿ ಸುತ್ತಿಗೆ ರಬ್ಬರು ಹಿಂಡಿಸಿಕೊಂಡು ತಾನೇ ಕಾಯುತ್ತದೆ. ಆ ಕಾವು ಹೊರಹೋಗುವುದೂ ನಿಧಾನ, ರಬ್ಬರು ಶಾಖ ಸಾಗಿಸುವುದರಲ್ಲಿ ಮಹಾ ಸೋಮಾರಿ. ಸ್ಟೇಟರಿನ ದಪ್ಪನೆಯ ರಬ್ಬರು ಹಲ್ಲಿನ ಒಳಹೊಟ್ಟೆ ಮೊದಲು ಗಟ್ಟಿಯಾಗಿ ಬಿರಿಯುತ್ತದೆ, ಆಮೇಲೆ ಚೂರು ಚೂರಾಗಿ ಕಿತ್ತು ಬರುತ್ತದೆ. ದ್ರವದಲ್ಲಿ ಡೀಸೆಲ್ ಇದ್ದರಂತೂ ರಬ್ಬರು ಅದನ್ನು ಕುಡಿದು ಇನ್ನಷ್ಟು ಊದಿಕೊಳ್ಳುತ್ತದೆ.

ಮಿಲ್ಲಿಂಗಿನಲ್ಲಿ ಇದಕ್ಕೊಂದು ಉಪದ್ರವ ಸೇರುತ್ತದೆ. ಮೋಟಾರನ್ನು ಇಳಿಸುವ ಸುರುಳಿ ಕೊಳವೆಯನ್ನು (ರೀಲಿಗೆ ಸುತ್ತಿಟ್ಟ ಉದ್ದನೆಯ ಉಕ್ಕಿನ ಕೊಳವೆ) ಮೇಲಿನಿಂದ ತಿರುಗಿಸಲಾಗದು, ತಿರುಗುವುದೆಲ್ಲ ಮೋಟಾರೇ. ಮಿಲ್ಲು, ಅಂದರೆ ತುದಿಯ ಅರೆಯುವ ಉಪಕರಣ, ಪ್ಲಗ್ಗಿಗೆ ಕಚ್ಚಿಕೊಂಡರೆ ರೋಟರ್ ನಿಂತುಬಿಡುತ್ತದೆ, ಪಂಪು ಮಾತ್ರ ತಳ್ಳುತ್ತಲೇ ಇರುತ್ತದೆ. ದ್ರವ ರಬ್ಬರನ್ನು ಸರಿಸಿಕೊಂಡು ಸಂದಿಯಲ್ಲಿ ನುಗ್ಗುತ್ತದೆ. ಆಪರೇಟರು ತಕ್ಷಣ ಪಂಪು ತಗ್ಗಿಸಿ ಕೊಳವೆ ಎತ್ತಬೇಕು. ಹಾಗೆಂದು ಪಂಪು ಬಹಳ ಹೊತ್ತು ನಿಲ್ಲಿಸುವಂತೆಯೂ ಇಲ್ಲ, ಮೋಟಾರನ್ನು ತಂಪಾಗಿಡುವುದು ಆ ಹರಿವೇ.

ಇದಕ್ಕೆ ಮದ್ದೆಂದು ಸ್ಟೇಟರಿಗೆ ಬಳಸುವ ನೈಟ್ರೈಲ್ ರಬ್ಬರಿಗೆ ಹೈಡ್ರೋಜನ್ ಸೇರಿಸಿ ಕಾವು ತಡೆಯುವಂತೆ ಮಾಡಿದರು. ರಬ್ಬರು ಎಲ್ಲೆಡೆ ಒಂದೇ ದಪ್ಪ ಇರುವ ಸ್ಟೇಟರ್ ಬಂತು, ರಬ್ಬರೇ ಇಲ್ಲದ ಲೋಹದ ಸ್ಟೇಟರೂ ಬಂತು. ಅದರಲ್ಲಿ ಸೋರಿಕೆಯ ತಲೆನೋವು. ನನಗೆ ಹಿಡಿಸಿದ್ದು ಸರಳ ಉಪಾಯ: ಬಿಸಿ ಬಾವಿಗೆ ಬೇಕೆಂದೇ ಸಡಿಲ ರೋಟರ್ ಹಾಕುವುದು. ಕೆಳಗೆ ರಬ್ಬರು ಉಬ್ಬಿದ ಮೇಲೆ ಅದು ಸರಿಯಾಗಿ ಕೂರುತ್ತದೆ.

ಗೆಳೆಯ ಸ್ವಲ್ಪ ಹೊತ್ತು ಯೋಚಿಸಿದ. "ಅಂದ್ರ ಮ್ಯಾಲ ಟೆಸ್ಟ್ ಮಾಡಿದಾಗ ಸೋರೋ ಮೋಟಾರ ಚಲೋದು ಅಂತ ಗಿರಾಕಿಗೆ ಹೇಳಬೇಕಲ್ಲೋ! ನನ್ನ ಅಂಗಡ್ಯಾಗ ಹಂಗಂದ್ರ ರೊಕ್ಕಾ ಕೊಡ್ತಾರೇನು?"