ಬೆರಳಿಗೊಂದು ಗಟ್ಟಿ ಹಸಿರು

ಚಿಕ್ಕಮ್ಮನ ಮಗಳಿಗೆ ನಿಶ್ಚಿತಾರ್ಥ ಗೊತ್ತಾಯಿತು. ಮಾರನೇ ದಿನವೇ ನನಗೆ ಫೋನ್. "ಅಣ್ಣಾ, ಉಂಗುರಕ್ಕೆ ವಜ್ರ ಬೇಡ, ಎಲ್ಲರ ಕೈಲೂ ಅದೇ ಇದೆ. ಹಸಿರು ಕಲ್ಲು ಬೇಕು. ಆದ್ರೆ ಗಟ್ಟಿ ಇರ್ಬೇಕು. ನಾನು ಗಳಿಗೆಗೊಂದ್ಸಲ ತೆಗೆದಿಡೋಳಲ್ಲ."

ಅದು ನಿಜ. ದಿನಾ ಸ್ಕೂಟರ್ ಓಡಿಸುತ್ತಾಳೆ, ವಾರಕ್ಕೆರಡು ದಿನ ಶಟಲ್ ಆಡುತ್ತಾಳೆ, ಪಾತ್ರೆಯನ್ನೂ ತಾನೇ ತೊಳೆಯುತ್ತಾಳೆ. ನನಗೆ ಕಲ್ಲುಗಳ ಹುಚ್ಚು ಅಂತ ಮನೆಯವರಿಗೆಲ್ಲ ಗೊತ್ತು. ಹಾಗಾಗಿ ಪ್ರಶ್ನೆ ನನ್ನ ತಲೆಗೆ ಬಂತು.

ಹಸಿರು ಕಲ್ಲು ಅಂದರೆ ನಮಗೆ ಮೊದಲು ನೆನಪಾಗುವುದು ಪಚ್ಚೆ. ಕನ್ನಡದಲ್ಲಿ ಬಣ್ಣಕ್ಕೂ ಅದೇ ಹೆಸರು, ರತ್ನಕ್ಕೂ ಅದೇ ಹೆಸರು. ಹಾಗಾಗಿ ಹಸಿರಾಗಿರುವುದೆಲ್ಲ ನಮ್ಮ ಬಾಯಲ್ಲಿ ಪಚ್ಚೆಯಾಗಿಬಿಡುತ್ತದೆ. ನಂಜನಗೂಡಿನ ದೇವಸ್ಥಾನದಲ್ಲಿ ಟಿಪ್ಪು ಕೊಟ್ಟದ್ದೆಂದು ಹೇಳುವ ಹಸಿರು ಲಿಂಗವಿದೆ. ಅವನ ಆನೆಯ ಕಣ್ಣಿನ ಬೇನೆ ವಾಸಿಯಾಯಿತೆಂದೂ, ಅದಕ್ಕೇ ದೇವರಿಗೆ 'ಹಕೀಂ ನಂಜುಂಡ' ಅನ್ನುವ ಹೆಸರು ಬಂತೆಂದೂ ಕಥೆ. ಜನ ಅದನ್ನು ಪಚ್ಚೆ ಲಿಂಗ ಅನ್ನುತ್ತಾರೆ. ಕಲ್ಲು ಜೇಡ್ ಎಂದು ಬರೆದವರೂ ಇದ್ದಾರೆ. ಪಚ್ಚೆ ಬೇರೆ, ಜೇಡ್ ಬೇರೆ. ಉಂಗುರದ ವಿಷಯ ಬಂದಾಗ ಈ ವ್ಯತ್ಯಾಸ ತುಂಬಾ ದೊಡ್ಡದು.

ಅದಕ್ಕೂ ಮೊದಲು 'ಗಟ್ಟಿ' ಅನ್ನುವ ಮಾತನ್ನೇ ಸ್ವಲ್ಪ ಬಿಡಿಸಿ ನೋಡಬೇಕು.

ಕಲ್ಲು ಮಾರುವವರು ಮೊದಲು ಹೇಳುವುದು ಮೋಸ್ ಅಂಕಿ. ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ಮಾಡಿದ ಅಳತೆ ಇದು. ಯಾವ ಕಲ್ಲು ಯಾವುದನ್ನು ಗೀರುತ್ತದೆ ಅಂತ ಸಾಲಾಗಿ ನಿಲ್ಲಿಸಿದ, ಅಷ್ಟೇ. ಟಾಲ್ಕ್ 1, ಸ್ಫಟಿಕ ಅಂದರೆ ಕ್ವಾರ್ಟ್ಜ್ 7, ಮಾಣಿಕ್ಯ ಮತ್ತು ನೀಲ 9, ವಜ್ರ 10. ಇವು ಸಾಲಿನಲ್ಲಿ ನಿಂತ ಸ್ಥಾನಗಳೇ ಹೊರತು ಸಮನಾದ ಮೆಟ್ಟಿಲುಗಳಲ್ಲ. ನಿಜವಾಗಿ ಅಳೆದರೆ 9ಕ್ಕೂ 10ಕ್ಕೂ ನಡುವಿನ ದೂರ, 1ರಿಂದ 9ರವರೆಗಿನ ದೂರಕ್ಕಿಂತ ಜಾಸ್ತಿ. ಹೆಸರು ಮೋಸ್ ಆದರೂ ಅಳತೆಯಲ್ಲಿ ಮೋಸವಿಲ್ಲ. ಮೋಸ ಹೋಗುವುದು ಅದನ್ನು ಓದುವಾಗ. ಈ ಅಂಕಿ ಹೇಳುವುದು ಗೀರಿನ ಮಾತನ್ನು ಮಾತ್ರ, ಒಡೆಯುವ ಮಾತನ್ನಲ್ಲ.

ಗೀರಿನ ಮಾತಿಗೆ ಬಂದರೆ ನಮ್ಮ ನಿಜವಾದ ಶತ್ರು ಧೂಳು. ಬೆಂಗಳೂರಿನ ಅಡಿಯಲ್ಲಿರುವುದು ಸುಮಾರು 300 ಕೋಟಿ ವರ್ಷ ಹಳೆಯ, ನೈಸ್ (gneiss) ಅನ್ನುವ ಜಾತಿಯ ಬಂಡೆ. ಲಾಲ್‌ಬಾಗ್‌ನಲ್ಲಿ ನಾವೆಲ್ಲ ಹತ್ತಿ ಕೂತ ಬಂಡೆ ಅದೇ. ಅದು ಸವೆದು ಪುಡಿಯಾದಾಗ ಕೊನೆಯವರೆಗೂ ಉಳಿಯುವುದು ಅದರೊಳಗಿನ ಕ್ವಾರ್ಟ್ಜ್. ಅಂದರೆ ಸ್ಕೂಟರ್ ಓಡಿಸುವವಳ ಕೈಮೇಲೆ ಕೂರುವ ಧೂಳಿನಲ್ಲಿ ಮೋಸ್ ಅಂಕಿ 7ರ ಚೂರುಗಳಿವೆ. ಉಂಗುರವನ್ನು ಸುಮ್ನೆ ಸೆರಗಿನಲ್ಲಿ ಒರೆಸಿದರೂ ಸಾಕು, 7ಕ್ಕಿಂತ ಕೆಳಗಿನ ಕಲ್ಲು ಒಂದೊಂದೇ ಕೂದಲೆಳೆಯಷ್ಟು ಗೀರು ಹೊತ್ತುಕೊಳ್ಳುತ್ತದೆ. ನಾಲ್ಕೈದು ವರ್ಷಕ್ಕೆ ಅಂಚುಗಳು ಮಂಕಾಗಿ, ಕಲ್ಲು ಹಳೆಯ ಸೋಡಾ ಬಾಟಲಿಯ ಗಾಜಿನಂತೆ ಕಾಣುತ್ತದೆ.

ಒಡೆಯುವುದು ಬೇರೆ ಸಂಗತಿ. ಗಾಜಿನ ಬಳೆಯನ್ನು ಗೀರುವುದು ಕಷ್ಟ, ಒಡೆಯುವುದು ಸುಲಭ. ಮೂರನೆಯದು ಸೀಳು. ಸೌದೆಯನ್ನು ಎಳೆಯ ಗುಂಟ ಹೊಡೆದರೆ ಒಂದೇ ಏಟಿಗೆ ಎರಡಾಗುತ್ತದೆ, ಅಡ್ಡ ಹೊಡೆದರೆ ಕೊಡಲಿ ಹಿಂದಕ್ಕೆ ಚಿಮ್ಮುತ್ತದೆ. ಕೆಲವು ಹರಳುಗಳೂ ಹಾಗೇ. ವಜ್ರಕ್ಕೇ ಅಂಥ ನಾಲ್ಕು ದಿಕ್ಕುಗಳಿವೆ. ಇನ್ನೊಂದು ವಜ್ರ ಬಿಟ್ಟರೆ ಬೇರೆ ಯಾವ ರತ್ನವೂ ಗೀರಲಾರದ ವಜ್ರ ಗ್ರಾನೈಟ್ ಕಟ್ಟೆಗೆ ಸರಿಯಾದ ಕೋನದಲ್ಲಿ ಬಡಿದರೆ ಚಕ್ಕೆ ಎದ್ದೀತು.

ಈಗ ಪಚ್ಚೆಯ ಕಥೆ. ಇದರ ಮೋಸ್ ಅಂಕಿ 7.5ರಿಂದ 8. ಧೂಳಿನ ಪರೀಕ್ಷೆಯಲ್ಲಿ ಪಾಸು. ಸೀಳಿನ ಕಾಟವೂ ಅಷ್ಟಿಲ್ಲ. ಮತ್ತೆ ಪಚ್ಚೆ ಉಂಗುರಗಳು ಒಡೆಯುವುದೇಕೆ? ಉತ್ತರ ಅದರ ಹುಟ್ಟಿನಲ್ಲೇ ಇದೆ.

ಪಚ್ಚೆ ಬೆರಿಲ್ ಅನ್ನುವ ಖನಿಜ. ಶುದ್ಧ ಬೆರಿಲ್‌ಗೆ ಬಣ್ಣವೇ ಇಲ್ಲ. ಅಲ್ಯೂಮಿನಿಯಂ ಇರಬೇಕಾದ ಜಾಗದಲ್ಲಿ ಅಷ್ಟಿಷ್ಟು ಕ್ರೋಮಿಯಂ ಅಥವಾ ವನೇಡಿಯಂ ನುಸುಳಿದರೆ ಹಸಿರು. ತಮಾಷೆ ಏನೆಂದರೆ ಮಾಣಿಕ್ಯದ ಕೆಂಪಿಗೂ ಇದೇ ಕ್ರೋಮಿಯಂ ಕಾರಣ. ಎರಡರಲ್ಲೂ ಕ್ರೋಮಿಯಂ ಸುತ್ತ ಆರು ಆಕ್ಸಿಜನ್ ಪರಮಾಣುಗಳು ನಿಂತಿರುತ್ತವೆ. ಮಾಣಿಕ್ಯದಲ್ಲಿ ಅವು ಒತ್ತಾಗಿ ನಿಂತು ಹಸಿರು ಬೆಳಕನ್ನು ನುಂಗಿಸುತ್ತವೆ, ಉಳಿಯುವುದು ಕೆಂಪು. ಬೆರಿಲ್‌ನಲ್ಲಿ ಅವುಗಳ ಹಿಡಿತ ಸ್ವಲ್ಪ ಸಡಿಲ. ಅಷ್ಟಕ್ಕೇ ಕಿತ್ತಳೆ ಕೆಂಪಿನ ಕಡೆಯ ಬೆಳಕು ನುಂಗಿಹೋಗಿ ಹಸಿರು ಪಾರಾಗುತ್ತದೆ.

ಆದರೆ ಬೆರಿಲ್ ಆಗಲು ಬೇಕಾದ ಬೆರಿಲಿಯಂ ಮತ್ತು ಹಸಿರು ಕೊಡುವ ಕ್ರೋಮಿಯಂ ನೆಲದೊಳಗೆ ಸುಲಭಕ್ಕೆ ಭೇಟಿಯಾಗುವ ಪೈಕಿ ಅಲ್ಲ. ಒಂದು ಗ್ರಾನೈಟ್ ಜಾತಿಯ ಬಂಡೆಯ ಸಂಗಾತಿ, ಇನ್ನೊಂದು ಆಳದಿಂದ ಬಂದ ಕಪ್ಪು ಬಂಡೆಯದು. ಜಾಂಬಿಯಾ, ರಾಜಸ್ಥಾನದಂಥ ಕಡೆ ಒಂದು ಬಂಡೆ ಇನ್ನೊಂದರೊಳಗೆ ನುಗ್ಗಿದಾಗ ಎರಡೂ ಸೇರಿದವು. ಕೊಲಂಬಿಯಾದಲ್ಲಿ ಬಿಸಿ ಉಪ್ಪುನೀರು ಕರಿ ಶೇಲ್ ಕಲ್ಲಿನ ಬಿರುಕುಗಳಲ್ಲಿ ಹರಿದು ಸೇರಿಸಿತು. ನೆಲ ಒತ್ತುತ್ತ, ಜರುಗುತ್ತ, ಬಿರಿಯುತ್ತ ಇದ್ದಾಗಲೇ ಹರಳು ಬೆಳೆಯಿತು. ಹಾಗಾಗಿ ಒಳಗೆಲ್ಲ ಬಿರುಕು, ಗುಳ್ಳೆ, ಬೇರೆ ಖನಿಜದ ಸೂಜಿಗಳು. ಹಸಿರು ತಂದ ಗಲಾಟೆಯೇ ಬಿರುಕನ್ನೂ ತಂದಿತು. ಫ್ರೆಂಚರು ಇದಕ್ಕೆ 'ಜಾರ್ದ್ಯಾಂ' ಅಂದರೆ ತೋಟ ಅಂತ ಚಂದದ ಹೆಸರಿಟ್ಟರು. ವ್ಯಾಪಾರಕ್ಕೆ ಅಂಥ ಹೆಸರು ಬೇಕು, ಅಲ್ವಾ?

ಈ ಬಿರುಕುಗಳು ಕಾಣದ ಹಾಗೆ ಕಲ್ಲಿಗೆ ಎಣ್ಣೆ ಕುಡಿಸುತ್ತಾರೆ. ಮೋಸವೆಂದಲ್ಲ, ಬಹಳ ಹಳೆಯ ಪದ್ಧತಿ. ಸೀಡರ್ ಮರದ ಎಣ್ಣೆ ಬೆಳಕನ್ನು ಹೆಚ್ಚುಕಡಿಮೆ ಪಚ್ಚೆಯಷ್ಟೇ ಬಾಗಿಸುತ್ತದೆ. ಹಾಗಾಗಿ ಬಿರುಕು ಕಣ್ಣಿಗೆ ಮಾಯ. ಪಚ್ಚೆ ಕತ್ತರಿಸುವ ದೊಡ್ಡ ಕೇಂದ್ರವಾದ ಜೈಪುರದಲ್ಲಿ ಇದು ದಿನನಿತ್ಯದ ಕೆಲಸ. ಈಗ ಕೆಲವರು ಎಣ್ಣೆಯ ಬದಲು ರೆಸಿನ್, ಅಂದರೆ ಗಟ್ಟಿಯಾಗುವ ಅಂಟಿನಂಥ ದ್ರವ, ತುಂಬುತ್ತಾರೆ.

ಇದನ್ನು ನಾನು ಕಲಿತದ್ದು ಓದಿ ಅಲ್ಲ. ಅಮ್ಮನ ಪಚ್ಚೆ ಉಂಗುರ ಕೊಳೆಯಾಗಿದೆ ಅಂತ ಒಂದು ಅಂಗಡಿಗೆ ತೊಳೆಯಲು ಕೊಟ್ಟಿದ್ದೆ. ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಿದರು. ನೀರಿನಲ್ಲಿ ಶಬ್ದದ ಅಲೆ ಹಾಯಿಸಿ ಕೊಳೆ ಕೆದರುವ ಡಬ್ಬಿ ಅದು. ವಜ್ರಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಪಚ್ಚೆಯಿಂದ ಎಣ್ಣೆ ಹೊರಬಂತು. ಐದು ನಿಮಿಷದಲ್ಲಿ ಕಲ್ಲಿನೊಳಗೆ ಬೆಳ್ಳಗೆ ಜೇಡರ ಬಲೆ. ಅಮ್ಮ ಏನೂ ಹೇಳಲಿಲ್ಲ, ಅದೇ ಕಷ್ಟವಾಗಿದ್ದು. ಆಮೇಲೆ ಮತ್ತೆ ಎಣ್ಣೆ ಕುಡಿಸಿ ತಕ್ಕಮಟ್ಟಿಗೆ ಸರಿಮಾಡಿಸಿದೆವು. ಪಚ್ಚೆಗೆ ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸೋಪು, ಮೆತ್ತನೆ ಬ್ರಷ್ ಸಾಕು. ಉಗುರುಬಣ್ಣ ತೆಗೆಯುವ ದ್ರವ ತಾಗಬಾರದು. ಉಂಗುರ ಬಿಗಿಯಾಯಿತು ಅಂತ ದೊಡ್ಡದು ಮಾಡಿಸುವಾಗ ಕಲ್ಲನ್ನು ಬಿಚ್ಚಿಸದೆ ಬೆಂಕಿ ಹಿಡಿಯಲು ಬಿಡಬಾರದು.

ಹಾಗಾದರೆ ಅಜ್ಜಿಯ ಪಚ್ಚೆ ಓಲೆ ಹೇಗೆ ಅಷ್ಟು ವರ್ಷ ಬಾಳಿತು ಅಂತ ತಂಗಿ ಕೇಳಿದಳು. ಕಿವಿ ಯಾವುದಕ್ಕೂ ಬಡಿಯುವುದಿಲ್ಲ. ಬೆರಳು ಬಾಗಿಲಿಗೆ, ಬಿಂದಿಗೆಗೆ, ಬಸ್ಸಿನ ಕಂಬಿಗೆ ಬಡಿಯುತ್ತಲೇ ಇರುತ್ತದೆ. ಓಲೆ, ಪದಕಕ್ಕೆ ಪಚ್ಚೆಯನ್ನು ಕಣ್ಣುಮುಚ್ಚಿ ಒಪ್ಪಬಹುದು. ದಿನಾ ಹಾಕುವ ಉಂಗುರಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಜೇಡ್ ಇದಕ್ಕೆ ಪೂರ್ತಿ ಉಲ್ಟಾ. ಈ ಹೆಸರಿನಡಿ ಎರಡು ಕಲ್ಲುಗಳಿವೆ, ನೆಫ್ರೈಟ್ ಮತ್ತು ಜೇಡೈಟ್. ಎರಡೂ ಬೇರೆ ಬೇರೆ ಎಂದು 1863ರಲ್ಲಿ ತೋರಿಸಿದವನು ಫ್ರಾನ್ಸಿನ ಅಲೆಕ್ಸಿ ದಾಮೂರ್. ನೆಫ್ರೈಟ್‌ನ ಮೋಸ್ ಅಂಕಿ 6ರಿಂದ 6.5 ಅಷ್ಟೇ, ಧೂಳು ಗೀರುತ್ತದೆ. ಆದರೆ ಒಡೆಯಿರಿ ನೋಡೋಣ! ಒಳಗೆ ಕೂದಲಿಗಿಂತ ಸಣ್ಣ ಎಳೆಗಳು ತೆಂಗಿನ ನಾರಿನ ಹಗ್ಗದಂತೆ ಹೆಣೆದುಕೊಂಡಿವೆ. ಬಿರುಕೊಂದು ಹೊರಟರೂ ಎಳೆ ಎಳೆಗೂ ತಡೆದು ನಿಲ್ಲುತ್ತದೆ. ನ್ಯೂಜಿಲೆಂಡಿನ ಮಾವೊರಿ ಜನ ಇದರಿಂದ ಬಾಚಿ, ಗದೆ ಮಾಡಿಕೊಂಡಿದ್ದರು. ನನಗೆ ಇದು ಇಷ್ಟ. ತಂಗಿಗೆ ಫೋಟೋ ಕಳಿಸಿದೆ. "ಸೋಪಿನ ತುಂಡಿನ ಹಾಗಿದೆ, ಹೊಳಪೇ ಇಲ್ಲ" ಅಂದಳು. ಜೇಡ್ ಅಲ್ಲಿಗೆ ಮುಗಿಯಿತು.

ಪೆರಿಡಾಟ್ ಅನ್ನು ನಾನೇ ತಳ್ಳಿಹಾಕಿದೆ. ಎಳೆ ಬಾಳೆಲೆಯ ಬಣ್ಣ, ಉಲ್ಕೆಗಳಲ್ಲೂ ಸಿಗುವ ಕಲ್ಲು, ಕಥೆ ಹೇಳಲು ಚೆನ್ನ. ಅಂಕಿ 6.5ರಿಂದ 7, ಆಮ್ಲ ಕಂಡರೆ ಆಗದು, ಥಟ್ಟನೆ ಬಿಸಿಯಾದರೂ ಆಗದು.

ಸಾವೊರೈಟ್ ಮಾತ್ರ ನಮ್ಮಿಬ್ಬರನ್ನೂ ಎರಡು ದಿನ ಹಿಡಿದಿಟ್ಟಿತು. ಇದು ಗಾರ್ನೆಟ್ ಜಾತಿ, ಹಸಿರು ಬಂದದ್ದು ವನೇಡಿಯಂ, ಕ್ರೋಮಿಯಂನಿಂದಲೇ. ಕ್ಯಾಂಪ್‌ಬೆಲ್ ಬ್ರಿಜಸ್ ಎಂಬ ಭೂವಿಜ್ಞಾನಿ 1967ರಲ್ಲಿ ಟಾಂಜಾನಿಯಾದಲ್ಲಿ ಇದನ್ನು ಕಂಡ. ಅಲ್ಲಿನ ಗಣಿ ಸರ್ಕಾರದ ಪಾಲಾಯಿತು. ಆಮೇಲೆ ಗಡಿಯಾಚೆ ಕೀನ್ಯಾದ ಸಾವೊ ಅಭಯಾರಣ್ಯದ ಬಳಿ ಮತ್ತೆ ಹುಡುಕಿದ. ಕಾಡುಪ್ರಾಣಿಗಳ ಭಯಕ್ಕೆ ಮರದ ಮೇಲೆ ಮನೆ ಮಾಡಿಕೊಂಡಿದ್ದ. ಕಳ್ಳರ ಭಯಕ್ಕೆ ಕಲ್ಲುಗಳ ಕಾವಲಿಗೆ ಹೆಬ್ಬಾವು ಇಟ್ಟಿದ್ದ ಅಂತಲೂ ಹೇಳುತ್ತಾರೆ. 1974ರಲ್ಲಿ ಅಮೆರಿಕದ ಒಡವೆ ಕಂಪನಿ ಟಿಫನಿ ಆ ಕಾಡಿನ ಹೆಸರನ್ನೇ ಕಲ್ಲಿಗಿಟ್ಟು ಮಾರಾಟಕ್ಕಿಳಿಸಿತು. 2009ರಲ್ಲಿ ಗಣಿಯ ಜಗಳದಲ್ಲಿ ಬ್ರಿಜಸ್‌ನನ್ನು ಅಲ್ಲೇ ಕೊಂದರು. ಕಲ್ಲಿನ ಮಟ್ಟಿಗೆ ಹೇಳುವುದಾದರೆ ಅಂಕಿ 7ರಿಂದ 7.5, ಸೀಳು ಇಲ್ಲ, ಎಣ್ಣೆ ಕುಡಿಸುವ ಅಭ್ಯಾಸವೂ ಇಲ್ಲ, ಹೊಳಪು ಪಚ್ಚೆಗಿಂತ ಜಾಸ್ತಿ. ತೊಂದರೆ ಒಂದೇ. 2 ಕ್ಯಾರಟ್ ದಾಟಿದ ಒಳ್ಳೆಯ ಹರಳು ಅಪರೂಪ, ಬೆಲೆ ಒಮ್ಮೆಗೇ ಹಾರುತ್ತದೆ.

ಕೊನೆಗೆ ಉಳಿದದ್ದು ಹಸಿರು ಸಫೈರ್. ನಮ್ಮ ಭಾಷೆಯಲ್ಲಿ ಸಫೈರ್ ಅಂದರೆ ನೀಲ. 'ಹಸಿರು ನೀಲ' ಅಂದರೆ ಅಂಗಡಿಯವರು ನಗುತ್ತಾರೆ. ಆದರೆ ನೀಲ, ಮಾಣಿಕ್ಯ ಎರಡೂ ಒಂದೇ ಖನಿಜ, ಕೊರಂಡಂ. ಇಂಗ್ಲಿಷರಿಗೆ ಈ ಹೆಸರು ಹೋದದ್ದೇ ತಮಿಳಿನ ಕುರುಂದಂನಿಂದ. ಸಂಸ್ಕೃತದಲ್ಲಿ ಕುರುವಿಂದ. ಹಳೆ ಮೈಸೂರಿನ ನೆಲದಲ್ಲೂ ಇದನ್ನು ಅಗೆದು ತೆಗೆಯುತ್ತಿದ್ದರು, ರತ್ನಕ್ಕಿಂತ ಹೆಚ್ಚಾಗಿ ಬೇರೆ ಕಲ್ಲುಗಳನ್ನು ಉಜ್ಜುವ ಪುಡಿಗಾಗಿ. ಉಜ್ಜುವ ಕಲ್ಲಿಗೇ ಯಾವ ಧೂಳಿನ ಭಯ? ಅಂಕಿ 9, ಸೌದೆಯಂತೆ ಸೀಳುವುದಿಲ್ಲ, ಏಟನ್ನೂ ಚೆನ್ನಾಗಿ ತಡೆಯುತ್ತದೆ.

ಹಸಿರು ಮಾತ್ರ ಬೇರೆ ಥರದ್ದು. ಇಲ್ಲಿ ಕ್ರೋಮಿಯಂ ಕೆಲಸ ಮಾಡುವುದಿಲ್ಲ, ಮಾಡಿದರೆ ಕಲ್ಲು ಕೆಂಪಾಗುತ್ತದೆ. ಕಬ್ಬಿಣವೊಂದೇ ಹಳದಿ ಕೊಡುತ್ತದೆ, ಕಬ್ಬಿಣ ಟೈಟಾನಿಯಂ ಜೊತೆಯಾಗಿ ನೀಲಿ ಕೊಡುತ್ತವೆ, ಎರಡೂ ಬೆರೆತು ಹಸಿರು. ಭೂತಗನ್ನಡಿಯಲ್ಲಿ ನೋಡಿದರೆ ಹಲವು ಹರಳುಗಳಲ್ಲಿ ಹಳದಿ, ನೀಲಿ ಪಟ್ಟೆಗಳು ಬೇರೆ ಬೇರೆಯಾಗಿಯೇ ಕಾಣುತ್ತವೆ. ಹಾಗಾಗಿ ಭತ್ತದ ಗದ್ದೆಯ ಹಸಿರು ಇದರಲ್ಲಿ ಸಿಗುವುದಿಲ್ಲ. ಸಿಗುವುದು ಮಳೆಗಾಲದ ಕೆರೆಯ ಹಸಿರು, ಒಮ್ಮೊಮ್ಮೆ ನವಿಲುಗರಿಯ ಹಸಿರು. ಆಸ್ಟ್ರೇಲಿಯಾ, ಮಡಗಾಸ್ಕರ್‌ನಿಂದ ಬರುತ್ತದೆ. ಕೇಳುವವರು ಕಡಿಮೆ, ಅದಕ್ಕೇ ನೀಲಿಗಿಂತ ಸಾಮಾನ್ಯವಾಗಿ ಅಗ್ಗ.

ಪಚ್ಚೆಯ ಹಸಿರೇ ಬೇಕೆನ್ನುವವರಿಗೆ ಪ್ರಯೋಗಾಲಯದಲ್ಲಿ ಬೆಳೆಸಿದ ಪಚ್ಚೆಯೂ ಇದೆ. ಅದು ನಕಲಿ ಗಾಜಲ್ಲ, ಅದೇ ಬೆರಿಲ್, ಅದೇ ಕ್ರೋಮಿಯಂ. ನೆಲದ ಗಲಾಟೆ ಇಲ್ಲದೆ ತಿಂಗಳುಗಟ್ಟಲೆ ನಿಧಾನವಾಗಿ ಬೆಳೆದದ್ದು, ಹಾಗಾಗಿ ಬಿರುಕು ಕಡಿಮೆ. ಯಾವ ಕಲ್ಲಾದರೂ ರತ್ನ ಪರೀಕ್ಷಿಸುವ ಪ್ರಯೋಗಾಲಯದ ಸರ್ಟಿಫಿಕೇಟ್ ಕೇಳಿ, ಏನು ತುಂಬಿಸಿದ್ದಾರೆ ಅನ್ನುವ ಸಾಲನ್ನು ಮೊದಲು ಓದಿ. ಉಂಗುರದ ಮೇಲಿನ ಹಾಲ್‌ಮಾರ್ಕ್ ಚಿನ್ನದ ಮಾತು ಮಾತ್ರ ಹೇಳುತ್ತದೆ, ಕಲ್ಲಿನದ್ದಲ್ಲ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ತಂಗಿ ಸಫೈರ್‌ಗೆ ಒಪ್ಪಿದಳು. ಕಲ್ಲು ಕೂರಿಸುವುದರಲ್ಲಿ ನಾನು ಹಟ ಹಿಡಿದೆ. ನಾಲ್ಕು ಸಣ್ಣ ಹಲ್ಲುಗಳು ಎತ್ತಿ ಹಿಡಿದ ಕಲ್ಲು ಚೆನ್ನಾಗಿ ಹೊಳೆಯುತ್ತದೆ, ಆದರೆ ಅಂಚು ಬಯಲು. ಸ್ವೆಟರ್‌ಗೂ ಸಿಕ್ಕಿಕೊಳ್ಳುತ್ತದೆ. ಅದರ ಬದಲು ಸುತ್ತಲೂ ಚಿನ್ನದ ಪಟ್ಟಿ ಬರುವಂತೆ, ಬೆರಳಿಗೆ ತಗ್ಗಾಗಿ ಕೂರಿಸಲು ಅಕ್ಕಸಾಲಿಗರಿಗೆ ಹೇಳಿದೆವು. ಹಗಲು ಬೆಳಕಿಗೆ ಉಂಗುರ ಕೆರೆಯ ಹಸಿರು, ಟ್ಯೂಬ್‌ಲೈಟ್ ಕೆಳಗೆ ಸ್ವಲ್ಪ ನೀಲಿಯ ಕಡೆ ವಾಲುತ್ತದೆ.

ಹುಡುಗನ ತಾಯಿಗೆ ಉಂಗುರ ಹಿಡಿಸಿತು. ಪಚ್ಚೆ ಬುಧನ ಕಲ್ಲು, ಒಳ್ಳೆಯದು ಅಂದರು. ಇದು ಪಚ್ಚೆ ಅಲ್ಲ ಆಂಟಿ, ಸಫೈರ್ ಅಂತ ತಂಗಿ ಮೆಲ್ಲಗೆ ಹೇಳಿದಳು. ಹೌದಾ, ಅದೂ ಒಳ್ಳೆಯದೇ ಅಂದರು. ಅವರು ಶನಿಗೆ ಬಹಳ ಹೆದರುವವರು, ನೀಲವನ್ನು ಮನೆಯೊಳಗೂ ಬಿಟ್ಟುಕೊಳ್ಳುವುದಿಲ್ಲ. ಸಫೈರ್‌ಗೆ ಕನ್ನಡದಲ್ಲಿ ಏನಂತಾರೆ ಅಂತ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.