ಅಲಾರಾಂ ನೀವೇ ಹಾಕಿಕೊಳ್ಳಿ, ಆದರೆ ಆಷಾಢದಲ್ಲಿ ಏಣಿ ಹತ್ತೋದು ಯಾರು?

ಮನೆಗಳಿಗೆ ಅಲಾರಾಂ ಹಾಕಿಕೊಡೋದು ನನ್ನ ಕೆಲಸ. ಶಿವಮೊಗ್ಗದ ಗೋಪಾಳದ ಮೇಷ್ಟ್ರೊಬ್ಬರು ಹೋದ ತಿಂಗಳು ಫೋನ್ ಮಾಡಿದ್ದರು. ರಿಟೈರ್ ಆದವರು. ಬೆಂಗಳೂರಲ್ಲಿರುವ ಮಗ ಆನ್‌ಲೈನ್‌ನಲ್ಲಿ ಕಳ್ಳರ ಅಲಾರಾಂ ಕಿಟ್ ತರಿಸಿ ಕೊಟ್ಟಿದ್ದಾನೆ. ಎಲ್ಲವನ್ನೂ ನಡೆಸುವ ಒಂದು ಪ್ಯಾನೆಲ್, ಕೋಣೆಯಲ್ಲಿ ಯಾರಾದರೂ ಓಡಾಡಿದರೆ ಹಿಡಿಯುವ ಎರಡು ಪಿಐಆರ್ ಸೆನ್ಸರ್, ನಾಲ್ಕು ಬಾಗಿಲ ಸೆನ್ಸರ್, ಎರಡು ರಿಮೋಟ್, ಜೋರಾಗಿ ಕೂಗುವ ಒಂದು ಹೂಟರ್. "ನಾನೇ ಹಾಕ್ಕೊಂಡಿದೀನಿ ಮಾರಾಯ್ರೇ. ಒಂದ್ಸಲ ಬಂದು ನೋಡಿ ಹೋಗಿ, ನಿಮ್ಮ ಚಾರ್ಜ್ ಏನುಂಟೋ ಕೊಡ್ತೀನಿ" ಅಂದರು.

ಹೋಗಿ ನೋಡಿದೆ. ಸುಳ್ಳು ಹೇಳಬಾರದು, ನಮ್ಮ ಹುಡುಗರಿಗಿಂತ ನೀಟಾಗಿ ಹಾಕಿದ್ದರು. ಪ್ರತಿ ಸೆನ್ಸರ್ ಮೇಲೂ ದುಂಡು ಅಕ್ಷರದ ಚೀಟಿ. ಒಂದೇ ಒಂದು ತಪ್ಪು. ಹಿತ್ತಲ ಬಾಗಿಲ ಸೆನ್ಸರನ್ನು ಬಿಜಾಗರಿ ಇರುವ ಕಡೆ ಹಾಕಿದ್ದರು, ಅಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ ಅಂತ. ಬಾಗಿಲನ್ನು ಅರ್ಧ ಅಡಿ ತಳ್ಳಿದರೂ ಬಿಜಾಗರಿ ಪಕ್ಕದಲ್ಲಿ ಅದು ಕದಲುವುದು ಅರ್ಧ ಸೆಂಟಿಮೀಟರ್. ಚಿಲಕದ ಕಡೆ ತೆರೆದ ಸಂದಿಯಲ್ಲಿ ನಾನು ಮೊಣಕೈವರೆಗೆ ಕೈ ತೂರಿಸಿ ತೋರಿಸಿದೆ. ಪ್ಯಾನೆಲ್ ತಣ್ಣಗೆ ಹಸಿರು ದೀಪ ಉರಿಸಿಕೊಂಡು ಕೂತಿತ್ತು. ಸೆನ್ಸರನ್ನು ಚಿಲಕದ ಕಡೆ ಬದಲಾಯಿಸಿ ಬಂದೆ. ಹತ್ತು ನಿಮಿಷದ ಕೆಲಸ.

"ನಾವೇ ಹಾಕ್ಕೊಳ್ಳಬಹುದಾ, ನಿಮ್ಮನ್ನೇ ಕರೀಬೇಕಾ?" ಈ ಪ್ರಶ್ನೆಯನ್ನು ವಾರಕ್ಕೆ ಎರಡು ಸಲವಾದರೂ ಕೇಳುತ್ತಾರೆ. ಹಾಕೋದು ಕಷ್ಟವಲ್ಲ. ಡ್ರಿಲ್ ಹಿಡಿಯಲು ಬಂದರೆ, ಮೊಬೈಲಲ್ಲಿ ಆ್ಯಪ್ ಇಳಿಸಿಕೊಳ್ಳಲು ಬಂದರೆ ಸಾಕು. ಕಷ್ಟ ಇರುವುದು ಆಮೇಲೆ. ಅದರಲ್ಲೂ ನಮ್ಮ ಮಲೆನಾಡಿನಲ್ಲಿ.

ಬಾಗಿಲ ಸೆನ್ಸರನ್ನೇ ತಗೊಳ್ಳಿ. ಎರಡು ತುಂಡು. ಚೌಕಟ್ಟಿನ ಮೇಲೆ ಕೂರುವ ತುಂಡಿನೊಳಗೆ ಬೆಂಕಿಕಡ್ಡಿ ದಪ್ಪದ, ಅದರ ಅರ್ಧ ಉದ್ದವೂ ಇಲ್ಲದ ಗಾಜಿನ ನಳಿಗೆ ಇರುತ್ತದೆ. ಅದರಲ್ಲಿ ತೆಳ್ಳಗಿನ ಎರಡು ಲೋಹದ ಎಸಳು. ಬಾಗಿಲ ಮೇಲಿನ ಆಯಸ್ಕಾಂತ ಹತ್ತಿರ ಇದ್ದಷ್ಟು ಹೊತ್ತು ಅವೆರಡೂ ಅಂಟಿಕೊಂಡಿರುತ್ತವೆ. ದೂರ ಹೋದರೆ ಬಿಟ್ಟುಕೊಳ್ಳುತ್ತವೆ, ಅಲಾರಾಂ ಕೂಗುತ್ತದೆ. ಇಷ್ಟೇ ಕಥೆ. ಸಾಮಾನ್ಯ ಸೆನ್ಸರ್‌ಗೆ ಈ "ಹತ್ತಿರ" ಅಂದರೆ ಒಂದೂವರೆ, ಎರಡು ಸೆಂಟಿಮೀಟರ್.

ಈಗ ನನ್ನ ತಪ್ಪು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ತೀರ್ಥಹಳ್ಳಿ ಕಡೆ ಒಂದು ಹಳೇ ಹಂಚಿನ ಮನೆಗೆ ಫೆಬ್ರವರಿಯಲ್ಲಿ ಅಲಾರಾಂ ಹಾಕಿಕೊಟ್ಟೆ. ಹಿತ್ತಲ ಬಾಗಿಲು ಹಲಸಿನ ಮರದ್ದು, ಒಣಗಿ ಚೆನ್ನಾಗಿ ಕೂರುತ್ತಿತ್ತು. ಸೆನ್ಸರ್ ಸರಿಯಾಗಿ ಹೊಂದಿಸಿ, ಟೀ ಕುಡಿದು ಬಂದೆ. ಆಷಾಢದ ಮಳೆ ಹಿಡಿಯಿತು. ಬಾಗಿಲು ಉಬ್ಬಿತು. ಎಷ್ಟು ದಬ್ಬಿದರೂ ಪೂರ್ತಿ ಕೂರದು. ಪ್ಯಾನೆಲ್ ಮಾತ್ರ "ನಾಲ್ಕನೇ ಝೋನ್ ತೆರೆದಿದೆ" ಅಂತ ಹಟ ಹಿಡಿಯಿತು. ಅದರ ಲೆಕ್ಕದಲ್ಲಿ ಆ ಬಾಗಿಲೇ ನಾಲ್ಕನೇ ಝೋನ್. ಮನೆಯವರು ಫೋನ್ ಮಾಡಿದರು. ನಾನು ಸಾಗರದಲ್ಲಿ ಇನ್ನೊಂದು ಕೆಲಸದಲ್ಲಿದ್ದೆ. "ಆ ಝೋನ್ ಬೈಪಾಸ್ ಮಾಡಿ, ಮುಂದಿನ ವಾರ ಬರ್ತೀನಿ" ಅಂದೆ. ಬೈಪಾಸ್ ಅಂದರೆ ಆ ಬಾಗಿಲೊಂದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕಾಯೋದು. ಹೋಗಲಿಲ್ಲ. ಕೆಲವು ಪ್ಯಾನೆಲ್‌ನಲ್ಲಿ ಬೈಪಾಸ್ ಒಂದು ಸಲಕ್ಕೆ ಮಾತ್ರ. ಆ ಮನೆಯದರಲ್ಲಿ ನಾವಾಗಿ ತೆಗೆಯೋವರೆಗೂ ಹಾಗೇ ಇರುತ್ತಿತ್ತು.

ದೀಪಾವಳಿ ಕಳೆದ ಮೇಲೆ ಮನೆಮಂದಿಯೆಲ್ಲ ಒಂದು ಮದುವೆಗೆ ಹೋಗಿದ್ದರು. ಕಳ್ಳರು ಹಿತ್ತಲ ಬಾಗಿಲಿಂದಲೇ ಬಂದು ಬಚ್ಚಲಿನ ತಾಮ್ರದ ಹಂಡೆ, ಅಡುಗೆಮನೆಯ ಹಿತ್ತಾಳೆ ಪಾತ್ರೆ ಎತ್ತಿಕೊಂಡು ಅದೇ ದಾರಿಯಲ್ಲಿ ಹೋದರು. ನಡುಮನೆಯಲ್ಲಿ ನಾನು ಹಾಕಿದ್ದ ಪಿಐಆರ್ ಟಿವಿಯನ್ನು ಕಾಯುತ್ತಾ ಕೂತಿತ್ತು. ಆ ಕಡೆ ಯಾರೂ ಬರಲೇ ಇಲ್ಲ. ಯಜಮಾನರು ಬೈಯಲಿಲ್ಲ. "ನೀವು ಹೇಳಿದ ಬೈಪಾಸಲ್ಲೇ ಬಂದ್ರು ನೋಡಿ" ಅಂದರು. ಬೈದಿದ್ದರೆ ವಾಸಿ ಇತ್ತು.

ಅವತ್ತಿಂದ ಹಳೇ ಮರದ ಬಾಗಿಲಿಗೆ ಅಂಗಡಿ ಶಟರ್‌ಗೆ ಹಾಕುವಂಥ, ಐದಾರು ಸೆಂಟಿಮೀಟರ್ ಸಂದಿ ತಡೆದುಕೊಳ್ಳುವ ದೊಡ್ಡ ಸೆನ್ಸರನ್ನೇ ಹಾಕುತ್ತೇನೆ. ಮತ್ತೆ ಜುಲೈಯಲ್ಲಿ ಒಂದು ಸಲ ಹೋಗಿ ಬಾಗಿಲು ಹಾಕಿ ನೋಡಿ ಬರುತ್ತೇನೆ. ಬೇಸಿಗೆಯಲ್ಲಿ ನೋಡಿದ ಬಾಗಿಲೇ ಬೇರೆ, ಮಳೆಗಾಲದ ಬಾಗಿಲೇ ಬೇರೆ. ಕಿಟ್ ತಯಾರಿಸಿದವರಿಗೆ ಇದು ಗೊತ್ತಿರೋದಿಲ್ಲ. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಆಗುಂಬೆ ಮಳೆಯನ್ನು ಅವರು ಎಲ್ಲಿ ನೋಡಬೇಕು?

ಕಿಟ್ ಜೊತೆ ಬರುವ ಡಬಲ್ ಟೇಪಿಗೂ ಇದೇ ಗತಿ. ಟೈಲ್ಸ್ ಮೇಲೆ, ಪಾಲಿಶ್ ಮಾಡಿದ ಬಾಗಿಲ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಸುಣ್ಣ ಬಳಿದ ಗೋಡೆಗೆ ಅಂಟಿಸಿದರೆ ಮೊದಲ ಮಳೆಗೆ ಸುಣ್ಣದ ಸಮೇತ ಕೆಳಗೆ. ಜಂಬಿಟ್ಟಿಗೆ ಗೋಡೆಯಲ್ಲಿ ಸ್ಕ್ರೂ ಕೂಡ ಸುಲಭಕ್ಕೆ ಕೂರುವುದಿಲ್ಲ. ತೂತು ಪುಡಿಪುಡಿಯಾಗಿ ಅಗಲವಾಗುತ್ತದೆ. ಉದ್ದನೆ ಪ್ಲಗ್ ಬೇಕು, ಇಲ್ಲದಿದ್ದರೆ ಮೊದಲು ಒಂದು ಮರದ ಹಲಗೆ ಕೂರಿಸಿ ಅದರ ಮೇಲೆ ಹಾಕಬೇಕು. ಹಳೇ ಮಣ್ಣಿನ ಗೋಡೆ ಎರಡು ಅಡಿ ದಪ್ಪ ಇರುತ್ತದೆ. ಪೆಟ್ಟಿಗೆ ಮೇಲೆ "100 ಮೀಟರ್ ವೈರ್‌ಲೆಸ್" ಅಂತ ಬರೆದಿದ್ದರೆ ಅದು ಬಯಲಿನ ಲೆಕ್ಕ. ಒದ್ದೆ ಹಿಡಿದ ಅಂಥ ಎರಡು ಗೋಡೆ ಅಡ್ಡ ಬಂದರೆ ಹದಿನೈದು ಮೀಟರಿಗೇ ಸಿಗ್ನಲ್ ಸುಸ್ತು. ಅದಕ್ಕೆ ಮೊದಲು ಸೆನ್ಸರನ್ನು ಕೈಯಲ್ಲಿ ಹಿಡಿದು, ಹಾಕಬೇಕಾದ ಜಾಗದಲ್ಲೇ ನಿಂತು, ಬಾಗಿಲೆಲ್ಲ ಮುಚ್ಚಿ ಪರೀಕ್ಷೆ ಮಾಡಿ. ಡ್ರಿಲ್ ಆಮೇಲೆ.

ಪಿಐಆರ್ ಬಗ್ಗೆ ಜನರಿಗೆ ಒಂದು ತಪ್ಪು ತಿಳುವಳಿಕೆ ಇದೆ. ಅದರಿಂದ ಏನೋ ಕಿರಣ ಹೊರಡುತ್ತದೆ, ಕಳ್ಳ ಅದನ್ನು ದಾಟಿದರೆ ಸಿಕ್ಕಿಬೀಳುತ್ತಾನೆ ಅಂತ. ಇಲ್ಲ. ಅದು ಏನನ್ನೂ ಬಿಡುವುದಿಲ್ಲ, ಸುಮ್ನೆ ನೋಡುತ್ತಿರುತ್ತದೆ. ಮೈಯ ಬಿಸಿಯಿಂದ ಬರುವ, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಅದಕ್ಕೆ ಕಾಣುತ್ತದೆ. ಮುಂದಿನ ಬಿಳಿ ಪ್ಲಾಸ್ಟಿಕ್ ಲೆನ್ಸ್ ಕೋಣೆಯನ್ನು ಬೀಸಣಿಗೆಯ ಪಟ್ಟಿಗಳ ಹಾಗೆ ಪಾಲು ಮಾಡುತ್ತದೆ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಬಿಸಿ ದಾಟಿದರೆ ಅಲಾರಾಂ. ಅದಕ್ಕೇ ಎದುರಿನಿಂದ ನೇರ ನಡೆದು ಬರುವವನಿಗಿಂತ ಅಡ್ಡ ಹಾಯುವವನನ್ನು ಅದು ಬೇಗ ಹಿಡಿಯುತ್ತದೆ. ಮೂಲೆಯಲ್ಲಿ ಏಳೆಂಟು ಅಡಿ ಎತ್ತರದಲ್ಲಿ, ಕಳ್ಳ ಅಡ್ಡ ಹಾಯುವ ಹಾಗೆ ಹಾಕಬೇಕು. ಬಚ್ಚಲ ಒಲೆ ಕಡೆ ಮುಖ ಮಾಡಿ ಹಾಕಬಾರದು. ಗಾಜಿನ ಹಂಚಿನಿಂದ ಬಿಸಿಲು ಬೀಳುವ ಜಾಗವೂ ಬೇಡ.

ಇನ್ನು ನಮ್ಮ ಕಡೆಯ ವಿಶೇಷ ಅತಿಥಿಗಳು. ಹಂಚಿನ ಸಂದಿಯಿಂದ ಬರುವ ಬಾವಲಿ, ಬೆಕ್ಕು, ಲೆನ್ಸ್ ಮೇಲೇ ಮಲಗುವ ಹಲ್ಲಿ. ಎಲ್ಲಕ್ಕಿಂತ ಜಾಸ್ತಿ ಕಾಟ ಕೊಡೋದು ಇರುವೆ. ಪಿಐಆರ್ ಒಳಗೆ ಒಂಚೂರು ಬೆಚ್ಚಗಿರುತ್ತದೆ, ಒಣಗಿರುತ್ತದೆ. ಮಳೆಗಾಲದಲ್ಲಿ ಇರುವೆಗೆ ಇನ್ನೇನು ಬೇಕು? ಕೋಣಂದೂರು ಹತ್ತಿರ ಒಂದು ಮನೆಯಲ್ಲಿ ರಾತ್ರಿ ಎರಡು, ಮೂರು ಗಂಟೆಗೆ ಅಲಾರಾಂ ಹೊಡೆದುಕೊಳ್ಳುತ್ತಿತ್ತು. ಮುಚ್ಚಳ ತೆಗೆದರೆ ಬಿಳಿ ಮೊಟ್ಟೆಗಳ ಸಮೇತ ಪೂರ್ತಿ ಸಂಸಾರ ಮೇಜಿನ ಮೇಲೆ ಉದುರಿತು. ವೈರ್ ಒಳಗೆ ಹೋಗುವ ತೂತಿಗೆ ಒಂದು ಬೊಟ್ಟು ಸಿಲಿಕೋನ್ ಹಚ್ಚಿದ್ದರೆ ಆಗುತ್ತಿತ್ತು. ಹಾಕಿದವರು ಯಾರೋ ಪ್ರೊಫೆಷನಲ್ಲೇ. ಅಷ್ಟರಲ್ಲಿ ಪಕ್ಕದ ಮನೆಯವರು ಹೊರಗೆ ಬಂದು ನೋಡೋದನ್ನೇ ಬಿಟ್ಟಿದ್ದರು.

ಕರೆಂಟಿನ ಲೆಕ್ಕ ಒಂದಿಷ್ಟು ಬಿಡಿಸಿ ಹೇಳಬೇಕು. ವೈರ್ ಹಾಕಿದ ಸಣ್ಣ ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಪ್ಯಾನೆಲ್, ನಾಲ್ಕೈದು ಸೆನ್ಸರ್ ಎಲ್ಲ ಸೇರಿ 150 ಮಿಲಿಆಂಪಿಯರ್ ಎಳೆಯುತ್ತವೆ ಅನ್ನಿ. 7ನ್ನು 0.15ರಿಂದ ಭಾಗಿಸಿದರೆ ಕಾಗದದ ಮೇಲೆ 46 ಗಂಟೆಗೂ ಮೇಲೆ ಬಂತು. ಹೊಸ ಬ್ಯಾಟರಿಯಲ್ಲೂ ಅಷ್ಟು ನಿರೀಕ್ಷೆ ಮಾಡಬೇಡಿ. ಮೂರು ವರ್ಷ ಹಳೆಯದಾದರೆ ಅರ್ಧ ಸಿಕ್ಕರೆ ಪುಣ್ಯ. ಜೋರು ಮಳೆಗೆ ಮರ ಬಿದ್ದು ಲೈನ್ ಹೋದರೆ ಮೆಸ್ಕಾಂನವರು ಬಂದು ಸರಿ ಮಾಡುವಾಗ ಹೊಸನಗರ, ಆಗುಂಬೆ ಕಡೆ ಎರಡು ಮೂರು ದಿನ ಆದದ್ದೂ ಇದೆ. ಆನ್‌ಲೈನ್ ಕಿಟ್‌ನ ಒಳಗಿನ ಪುಟ್ಟ ಬ್ಯಾಟರಿ ಬರೋದು ಆರೋ ಎಂಟೋ ಗಂಟೆ. ವೈಫೈ ನಂಬಿದ ಕಿಟ್ ಆದರೆ ಇನ್ನೂ ಕಷ್ಟ. ಅಲಾರಾಂ ಜೀವಂತ ಇದ್ದರೂ ಮೋಡೆಮ್ ಸತ್ತಿರುತ್ತದೆ, ನಿಮ್ಮ ಮೊಬೈಲಿಗೆ ಸುದ್ದಿಯೇ ಬರುವುದಿಲ್ಲ. ಎರಡನ್ನೂ ಇನ್ವರ್ಟರ್ ಲೈನಿಗೆ ಕೊಡಿ.

ಗುಡುಗು ಶುರುವಾದರೆ ಟಿವಿ, ಮೋಡೆಮ್ ಎಲ್ಲದರ ಪ್ಲಗ್ ಕೀಳೋದು ನಮ್ಮ ಕಡೆ ಅಭ್ಯಾಸ. ಒಳ್ಳೆ ಅಭ್ಯಾಸವೇ. ಆದರೆ ಅದೇ ಭರದಲ್ಲಿ ಅಲಾರಾಂ ಪ್ಲಗ್ಗನ್ನೂ ಕಿತ್ತು, ವಾಪಸ್ ಹಾಕೋದು ಮರೆತು, ಎರಡು ದಿನ ಬಿಟ್ಟು "ನಿಮ್ಮ ಅಲಾರಾಂ ಕೆಟ್ಟೋಯ್ತು" ಅಂತ ಫೋನ್ ಮಾಡುವವರು ಪ್ರತಿ ಏಪ್ರಿಲ್‌ನಲ್ಲೂ ಇರುತ್ತಾರೆ.

ಅಲಾರಾಂ ಹೊಡೆದಾಗ ತಾನೇ ಫೋನ್ ಮಾಡುವ, ಸಿಮ್ ಹಾಕುವ ಪ್ಯಾನೆಲ್ ತಗೊಳ್ಳೋದಾದರೆ 2ಜಿಯೋ 4ಜಿಯೋ ನೋಡಿ. ಕಡಿಮೆ ಬೆಲೆಯವು ಹೆಚ್ಚಿನವು 2ಜಿ. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ, ಹಾಗಾಗಿ ಆ ಸಿಮ್ ಅದರಲ್ಲಿ ನಡೆಯುವುದಿಲ್ಲ. ನಿಮ್ಮ ಊರಲ್ಲಿ ಯಾವುದರ ಟವರ್ ಸಿಗುತ್ತದೆ, ಅದೂ ಮನೆಯೊಳಗೆ ಪ್ಯಾನೆಲ್ ಇಡುವ ಜಾಗದಲ್ಲಿ, ಅದನ್ನು ನೋಡಿ ಸಿಮ್ ತನ್ನಿ. ರೀಚಾರ್ಜ್ ಮುಗಿದ ಸಿಮ್‌ನಿಂದ ಕಾಲ್ ಹೋಗಲ್ಲ. ನಾನು ನೋಡಿದ "ಕೆಟ್ಟ" ಅಲಾರಾಂಗಳಲ್ಲಿ ಎಷ್ಟೋ ಕೆಟ್ಟೇ ಇರಲಿಲ್ಲ, ರೀಚಾರ್ಜ್ ಮುಗಿದಿತ್ತು ಅಷ್ಟೇ.

ಆ ಕಾಲ್ ಯಾರಿಗೆ ಹೋಗಬೇಕು? 112 ಹಾಕಿಕೊಡಿ ಅಂತ ಕೇಳುತ್ತಾರೆ. ನಾನು ಹಾಕೋದಿಲ್ಲ. ಇರುವೆಗೆಲ್ಲ ಪೊಲೀಸರನ್ನು ಕರೆಯೋಕಾಗುತ್ತಾ? ಮೊದಲ ನಂಬರ್ ನಿಮ್ಮದು. ಎರಡನೆಯದು ಐದು ನಿಮಿಷದಲ್ಲಿ ನಿಮ್ಮ ಅಂಗಳಕ್ಕೆ ಬಂದು ಟಾರ್ಚ್ ಬಿಡಬಲ್ಲವರದ್ದು. ಬೆಂಗಳೂರಿನ ಮಗನದ್ದು ಮೂರನೆಯದು. ಬಂದವರು ಒಳಗೆ ನುಗ್ಗಬಾರದು. ಬಾಗಿಲು ಮುರಿದಿದ್ದು ಕಂಡರೆ ದೂರ ನಿಂತು ಅವರೇ 112ಕ್ಕೆ ಫೋನ್ ಮಾಡಲಿ.

ಇಷ್ಟೆಲ್ಲ ಹೇಳಿದ ಮೇಲೆ, ಯಾರು ತಾವೇ ಹಾಕಿಕೊಳ್ಳಬಹುದು? ವಿನೋಬನಗರದಂಥ ಕಡೆ ಎರಡು ರೂಮಿನ ಆರ್‌ಸಿಸಿ ಮನೆ, ಎರಡೇ ಬಾಗಿಲು, ಕಿಟಕಿಗೆಲ್ಲ ಗ್ರಿಲ್, ಪಕ್ಕದಲ್ಲಿ ಜನ. ಅಂಥವರು ಧಾರಾಳವಾಗಿ ಹಾಕಿಕೊಳ್ಳಿ, ನನಗೇಕೆ ದುಡ್ಡು? ಬಾಡಿಗೆ ಮನೆಯವರೂ ಅಷ್ಟೇ, ಬಿಡುವಾಗ ಕಿತ್ತುಕೊಂಡು ಹೋಗಬಹುದು. ಆದರೆ ಫ್ಯಾಕ್ಟರಿ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸಿ. ಎಷ್ಟೋ ಕಿಟ್‌ಗಳಲ್ಲಿ ಅದು 1234 ಅಂತ ನಿಮಗಿಂತ ಮುಂಚೆ ಕಳ್ಳರಿಗೆ ಗೊತ್ತಿರುತ್ತದೆ. ಮತ್ತೆ ಅಲಾರಾಂಗಿಂತ ಮೊದಲು ಹಿತ್ತಲ ಬಾಗಿಲಿಗೆ ಒಂದು ಗಟ್ಟಿ ಚಿಲಕ ಹಾಕಿಸಿ. ಹಳೇ ಮನೆಗಳ ಮರದ ಅಗಳಿಯಷ್ಟು ಭದ್ರವಾದ್ದನ್ನು ನಾನು ಇವತ್ತಿನವರೆಗೂ ಯಾರಿಗೂ ಮಾರಿಲ್ಲ.

ತೋಟದ ನಡುವಿನ ಒಂಟಿ ಮನೆ, ವಯಸ್ಸಾದವರು ಇಬ್ಬರೇ ಇರುವ ಮನೆ, ಅಡಿಕೆ ಮೂಟೆ ಒಟ್ಟಿರುವ ಗೋಡೌನ್, ಇವಕ್ಕೆ ಯಾರನ್ನಾದರೂ ಕರೆಯಿರಿ. ಅಡಿಕೆ ಗೋಡೌನ್ ಮನೆಯಿಂದ ನೂರಡಿ ದೂರ ಇರುತ್ತದೆ. ಅಲ್ಲಿಗೆ ವೈರ್ ಎಳೆದರೆ ಸಿಡಿಲಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಹತ್ತಿರ ಎಲ್ಲೋ ಹೊಡೆದರೂ ಆ ವೈರ್ ಹಿಡಿದು ಬಂದು ಪ್ಯಾನೆಲ್ಲನ್ನೇ ಸುಡುತ್ತದೆ. ಅಲ್ಲಿಗೆ ಬೇರೆಯದೇ ಪ್ಯಾನೆಲ್ ಇಡಬೇಕು. ಸುಗ್ಗಿಯಲ್ಲಿ ರಾತ್ರಿ ಹೊತ್ತು ಅಂಗಳದಲ್ಲಿ ಜನ ಓಡಾಡುವಾಗ ಯಾವ ಝೋನ್ ಆನ್ ಇರಬೇಕು, ಯಾವುದು ಬೇಡ ಅಂತ ಕೂತು ಮಾತಾಡಬೇಕು.

ಕರೆಯುವವರನ್ನು ಹೇಗೆ ಆರಿಸೋದು? ಮನೆ ನೋಡದೆ ಫೋನಲ್ಲೇ ರೇಟ್ ಹೇಳುವವರು ಬೇಡ. ಬಂದವರು ಮೊದಲು ಚಾವಡಿಯಲ್ಲಿ ಕೂರದೆ ಮನೆ ಸುತ್ತ ಒಂದು ಸುತ್ತು ಹಾಕಿದರೆ ಒಳ್ಳೆಯದು. ಕೆಲಸ ಮುಗಿದ ಮೇಲೆ ಇನ್‌ಸ್ಟಾಲರ್ ಕೋಡ್, ಅಂದರೆ ಪ್ಯಾನೆಲ್‌ನ ಸೆಟ್ಟಿಂಗ್ ಬದಲಾಯಿಸಲು ಬೇಕಾದ ಗುಟ್ಟಿನ ಸಂಖ್ಯೆ, ಕೇಳಿ ಬರೆದಿಟ್ಟುಕೊಳ್ಳಿ. ಅದನ್ನು ಕೊಡದೆ ಇಟ್ಟುಕೊಂಡು, ಒಂದು ಫೋನ್ ನಂಬರ್ ಬದಲಾಯಿಸಲೂ ವಿಸಿಟಿಂಗ್ ಚಾರ್ಜ್ ಕೇಳುವವರು ನಮ್ಮಲ್ಲೂ ಇದ್ದಾರೆ. ಬ್ಯಾಟರಿ ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಖು ಬರೆಸಿ. ವರ್ಷದ ಸರ್ವಿಸ್ ಒಪ್ಪಂದ ಮಾಡಿಕೊಂಡರೆ ಮೇ ಕೊನೆಯಲ್ಲಿ ಒಂದು, ಜುಲೈಯಲ್ಲಿ ಒಂದು ಭೇಟಿ ಅಂತ ಅದರಲ್ಲೇ ಬರೆಸಿ. ನನ್ನಂಥವರು ಬರ್ತೀನಿ ಅಂತ ಹೇಳಿ ಬಾರದೇ ಇರುವುದುಂಟು.

ಗೋಪಾಳದ ಮೇಷ್ಟ್ರು ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಪ್ರತಿ ತಿಂಗಳು ಒಂದನೇ ತಾರೀಖು ಬೆಳಿಗ್ಗೆ ಹತ್ತು ಗಂಟೆಗೆ ಅಲಾರಾಂ ಆನ್ ಮಾಡಿ, ತಾವೇ ಹಿತ್ತಲ ಬಾಗಿಲಿಂದ ಕಳ್ಳನ ಹಾಗೆ ಬಂದು ಪರೀಕ್ಷೆ ಮಾಡುತ್ತಾರಂತೆ. ಪಂಚಾಂಗದ ಪಕ್ಕದಲ್ಲಿ ಒಂದು ನೋಟ್‌ಬುಕ್ ತೂಗುಹಾಕಿ ಟಿಕ್ ಹಾಕುತ್ತಾರಂತೆ. ಪಕ್ಕದ ಮನೆ ಅಮ್ಮನವರಿಗೂ ಈಗ ಅಭ್ಯಾಸವಾಗಿದೆ, "ಓ, ಇವತ್ತು ಒಂದನೇ ತಾರೀಖು" ಅಂದುಕೊಂಡು ಹೊರಗೇ ಬರುವುದಿಲ್ಲವಂತೆ. "ಕಳ್ಳ ಅವತ್ತೇ ಹತ್ತು ಗಂಟೆಗೆ ಬಂದ್ರೆ ಎಂತ ಮಾಡೋದು?" ಅಂತ ಕೇಳಿದರು. ತಾರೀಖು ಬದಲಾಯಿಸುತ್ತಾ ಇರಿ ಅಂದೆ.